ಒದರಿದಾಕಿ ಮನಿ

ಬಿಜಾಪುರಕ್ಕೆ ಬಂದ ಹೊಸತರಲ್ಲಿ ನಾನು ಹೆದರದೆ ಇದ್ದದ್ದು ಬಿಸಿಲಿಗೆ ಒಂದಕ್ಕೇ. ಬಿಸಿಲು ಟಿಕೋಟಾದಲ್ಲೂ ಅದೇ, ಬಬಲೇಶ್ವರದಲ್ಲೂ ಅದೇ. ಉಳಿದ ಎಲ್ಲಕ್ಕೂ ಹೆದರುತ್ತಿದ್ದೆ. ರೈಲಿಗೆ ಹೆದರುತ್ತಿದ್ದೆ, ಟಾಂಗಾದ ಕುದುರೆಗೆ ಹೆದರುತ್ತಿದ್ದೆ, ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಬಾಯಿಗಂತೂ ಕೇಳಲೇಬೇಡಿ. ನಗಬೇಡಿ. ಎಳೆ ಹುಡುಗಿಯಲ್ಲ ನಾನು, ಆಗಲೇ ಇಪ್ಪತ್ತೆಂಟು ತುಂಬಿತ್ತು. ಊರಲ್ಲಿ ಹಿತ್ತಲಿಗೆ ಹಾವು ಬಂದರೆ ಬಡಿಗೆ ಹಿಡಿದು ಮುಂದೆ ಹೋಗುತ್ತಿದ್ದವಳು ನಾನೇ. ಅಂಥವಳು ಶಹರಕ್ಕೆ ಬಂದು ಮೂಲೆ ಹಿಡಿದ ಬೆಕ್ಕಾದೆ.

ಈಗ ವಿಜಯಪುರ ಅನ್ನುತ್ತಾರೆ. ನಾವು ಬಂದ ಎಪ್ಪತ್ತರ ದಶಕದಲ್ಲಿ ಬರೆಯುವವರಿಗೆ ಅದು ಬಿಜಾಪುರ, ನಮ್ಮ ಬಾಯಿಗೆ ಇಜಾಪುರ. ನನ್ನ ತವರು ಬಬಲೇಶ್ವರ, ಕೊಟ್ಟ ಮನೆ ಟಿಕೋಟಾ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ, ಇನ್ನು ಆಗುವುದೇ ಇಲ್ಲ ಅಂತ ಎರಡೂ ಊರಿನವರು ತೀರ್ಮಾನ ಮಾಡಿದ ಮೇಲೆ ನನಗೊಂದು ಹೆಣ್ಣು ಹುಟ್ಟಿತು. ಅದು ಇನ್ನೂ ಮಗ್ಗುಲು ಹೊರಳುವುದನ್ನು ಕಲಿಯುತ್ತಿದ್ದಾಗಲೇ ನಮ್ಮ ಮನೆಯವರಿಗೆ ಬಿಜಾಪುರದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮಿಷಿನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಒಂದು ಟ್ರಂಕು, ಜೋಳದ ಚೀಲ, ತೊಟ್ಟಿಲು, ಇಷ್ಟನ್ನು ಬಸ್ಸಿನ ಮೇಲೆ ಹೇರಿಕೊಂಡು ಹೊರಟೆವು.

ಹೊರಡುವಾಗ ಅತ್ತೆ ನನ್ನನ್ನು ಒಲೆಯ ಹತ್ತಿರ ಕರೆದು ಬುದ್ಧಿ ಹೇಳಿದರು.

"ಇಜಾಪುರ ಅಂದ್ರ ಏನಂತ ತಿಳಿದಿ? ಕಣ್ಣಾಗಿನ ಕಾಡಿಗಿ ಕದಿಯೋ ಮಂದಿ ಅದಾರ ಅಲ್ಲಿ. ಯಾರನ್ನೂ ಏನೂ ಕೇಳಬ್ಯಾಡ, ಯಾರಿಗೂ ಏನೂ ಹೇಳಬ್ಯಾಡ. ಕೂಸಿನ ಸುದ್ದೀನ್ನಂತೂ ಹೇಳಲೇಬ್ಯಾಡ. ಮಕ್ಕಳನ್ನ ಚೀಲದಾಗ ಹಾಕ್ಕೊಂಡು ಹೋಗ್ತಾರಂತ."

ಅತ್ತೆ ಇಡೀ ಜೀವಮಾನದಲ್ಲಿ ಬಿಜಾಪುರ ಕಂಡದ್ದು ಎರಡೋ ಮೂರೋ ಸಲ, ಅದೂ ಹಲ್ಲು ಕೀಳಿಸಲು. ಆದರೂ ನಾನು ಅಷ್ಟನ್ನೂ ನಂಬಿದೆ. ಹೆದರಿದವರಿಗೆ ಹೆದರಿಸುವವರ ಮಾತೇ ವೇದ.

ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ, ಒಬ್ಬ ಮುಸಲ್ಮಾನ ವಿಧವೆಯ ಮನೆಯ ಹಿಂದಿನ ಕೋಣೆ ನಮಗೆ ಬಾಡಿಗೆಗೆ ಸಿಕ್ಕಿತ್ತು. ಓಣಿಯ ಹುಡುಗರೆಲ್ಲ ಆಕೆಯನ್ನು ಖಾಲಾ ಅನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ನಾನೂ ಖಾಲಾ ಅಂದೆ. ಅವರ ಹೆಸರೇನು ಅಂತ ಕೇಳಲಿಲ್ಲ. ಹಿರಿಯರ ಹೆಸರು ಕೇಳುವ ರೂಢಿ ನಮ್ಮಲ್ಲಿ ಎಲ್ಲಿತ್ತು? ಖಾಲಾ ಒಳ್ಳೆಯವರು. ಎಲೆ ಅಡಿಕೆ ಜಗಿಯುತ್ತ ನನ್ನ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಆದರೂ ಮೊದಮೊದಲು ನಾನು ಕೂಸಿನ ಕಾಲ್ಗಡಗದ ಮೇಲೆ ಒಂದು ಕಣ್ಣಿಟ್ಟೇ ಕೂತಿರುತ್ತಿದ್ದೆ. ರೈಲು ಬಂದರೆ ಗೂಡಿನ ತಾಟು ಲೋಟಗಳೆಲ್ಲ ಗದಗದ ನಡುಗುತ್ತಿದ್ದವು. ಆಗ ನಾನು ಮಗಳ ಕಿವಿ ಮುಚ್ಚಿ ಹಿಡಿದು, ಕಣ್ಣು ಮುಚ್ಚಿ, ರೈಲು ಹೋಗುವ ತನಕ ಶಿವನಾಮ ಹೇಳುತ್ತಿದ್ದೆ.

ಹೊರಗೆ ಹೋಗುತ್ತಿದ್ದದ್ದು ನಳದ ತನಕ ಮಾತ್ರ. ಅಲ್ಲಿ ಭೂತನಾಳ ಕೆರೆಯ ನೀರು ಬರುತ್ತಿತ್ತು, ಅದು ಬಂದಾಗಲೇ ಹಿಡಿಯಬೇಕು. ಮೊದಲ ದಿನವೇ ಅಲ್ಲಿನ ಹೆಂಗಸರು ನನ್ನನ್ನು ಸುತ್ತುಗಟ್ಟಿದರು.

"ಯಾವೂರಾಕಿ ಬೇ?"

"ಟಿಕೋಟಾ."

"ಗಂಡ ಏನ್ ಮಾಡ್ತಾನ? ಹೆಸರೇನು ಅವಂದು?"

ನಾನು ತಲೆ ತಗ್ಗಿಸಿದೆ. ಇನ್ನೊಂದು ಸಲ ಕೇಳಿದರು. ನಾನು ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದುಬಿಟ್ಟೆ. ಹಿಂದಿನಿಂದ ಒಬ್ಬಳು, "ಮೂಕಿ ಬಂದಾಳಲ್ಲಬೇ ನಮ್ಮ ಓಣಿಗೆ!" ಅಂದದ್ದು ಕೇಳಿಸಿತು. ಎಲ್ಲರೂ ನಕ್ಕರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಗಂಡನ ಹೆಸರು ಹೇಳಬಾರದು ಅನ್ನುವುದು ಆಗಿನ ಎಲ್ಲ ಹೆಂಗಸರಿಗೂ ಇದ್ದ ಕಟ್ಟಳೆಯೇ. ಆದರೆ ನನ್ನ ಹೆದರಿಕೆ ಕಟ್ಟಳೆಗಿಂತ ಒಂದು ಕೈ ಹೆಚ್ಚಿನದು. ಅದಕ್ಕೆ ಬಬಲೇಶ್ವರದ ನನ್ನ ಅಜ್ಜಿ ಕಾರಣ. ಅಜ್ಜಿ ಹೇಳಿದ ಕಥೆ ಇದು: ನಮ್ಮ ಕೇರಿಯ ಒಬ್ಬ ಹೆಂಗಸು, ಹಾಯುವ ಎತ್ತು ಬಿಚ್ಚಿಕೊಂಡು ಗಂಡನ ಕಡೆ ಓಡುತ್ತಿದ್ದದ್ದನ್ನು ಕಂಡು ಗಾಬರಿಯಲ್ಲಿ ಅವನ ಹೆಸರು ಹಿಡಿದು ಕೂಗಿದಳಂತೆ. ಎತ್ತಿನಿಂದ ಅವನು ಉಳಿದ. ಬಂದ ಅಮಾವಾಸ್ಯೆಗೆ ಬಾವಿಗೆ ಬಿದ್ದು ಸತ್ತ.

"ಹೆಸರಂದ್ರ ದೀಪದಾಗಿನ ಎಣ್ಣಿ ಇದ್ದಂಗ, ಕೂಸ," ಅಂತಿದ್ದಳು ಅಜ್ಜಿ. "ಹೆಂಡತಿ ಒಮ್ಮೆ ಬಾಯಿಬಿಟ್ಟು ಹೇಳಿದ್ರ ಆಟು ಎಣ್ಣಿ ಕಡಿಮಿ ಆತು ಅಂತ ತಿಳಿ."

ನಮ್ಮವರದು ಒಬ್ಬ ದೇವರ ಹೆಸರು. ಆ ದೇವರಿಗೆ ಕೈ ಮುಗಿಯುವಾಗಲೂ ನಾನು "ಗುಡ್ಡದ ಮ್ಯಾಲಿನಪ್ಪಾ" ಅನ್ನುತ್ತಿದ್ದೆ. ಇನ್ನು ಒಡಪಿನ ಮಾತು ಬೇರೆ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳಿಸುತ್ತಾರಲ್ಲ, ಆಗ ಎರಡು ಸಾಲಿನ ಪ್ರಾಸದಲ್ಲಿ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. "ಬಿಳಿ ಜ್ವಾಳದ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಇಂಥವರ ಹೆಸರ ಹೇಳತೇನಿ, ಹಾದಿ ಬಿಡ್ರಿ ತಾಯಿ" ಅಂತ. ನನ್ನ ಮದುವೆಯಲ್ಲಿ ನಾನು ಅದನ್ನೂ ಹೇಳಲಿಲ್ಲ. ಊಟ ಆರಿತು, ಬೀಗರು ಬೇಸತ್ತರು, ನನ್ನ ಬಾಯಿ ಬಿಚ್ಚಲಿಲ್ಲ. ಕೊನೆಗೆ ನಾದಿನಿ ನನ್ನ ಪರವಾಗಿ ಒಡಪು ಹೇಳಿ ಒಳಗೆ ಎಳೆದುಕೊಂಡಳು. "ಇಂಥಾ ಹಟಮಾರಿ ಹೆಣ್ಣ ಎಲ್ಲಿ ಹುಡುಕಿದ್ರಿಪಾ?" ಅಂತ ಯಾರೋ ಅಂದರು. ಹಟವಲ್ಲ, ಬಾವಿಯ ಹೆದರಿಕೆ ಅದು.

ಇಷ್ಟು ಹಿನ್ನೆಲೆ. ಇನ್ನು ಆ ದಿನದ ಮಾತು.

ಬೆಳಿಗ್ಗೆಯಿಂದ ಮಗಳ ಹೊಟ್ಟೆ ಉಬ್ಬಿ ಕಲ್ಲಾಗಿತ್ತು. ಕಾಲು ಮಡಚಿ ಮಡಚಿ ಅಳುತ್ತಿತ್ತು. ಊರಲ್ಲಾದರೆ ಬಜೆ ಬೇರನ್ನು ಸುಟ್ಟು ತೇಯ್ದು ನಾಲಿಗೆಗೆ ಹಚ್ಚಿದರೆ ಅರ್ಧ ಗಳಿಗೆಯಲ್ಲಿ ಸುಮ್ಮನಾಗುತ್ತಿತ್ತು. ತಂದಿದ್ದ ಬಜೆ ಮುಗಿದಿತ್ತು. ಮನೆಯವರು ಜಿನ್ನಿನಿಂದ ಬರುವುದು ಸಂಜೆಗೆ.

ಖಾಲಾ ಹೇಳಿದರು, "ಬಾಜಾರದಾಗ ಗಿಡಮೂಲಿಕಿ ಅಂಗಡಿ ಐತಿ ಬೇಟಿ, ನೀನ ಹೋಗಿ ತಾ. ನನ್ನ ಮೊಣಕಾಲ ಕೇಳಂಗಿಲ್ಲ. ಬಚ್ಚಿ ನನ್ನ ಹತ್ತಿರ ಇರ್ಲಿ."

ಹೋಗಲಿಕ್ಕೂ ಹೆದರಿಕೆ, ಕೂಸನ್ನು ಬಿಟ್ಟು ಹೋಗಲಿಕ್ಕೂ ಹೆದರಿಕೆ. ಆದರೆ ಆ ಅಳುವನ್ನು ಕೇಳುತ್ತ ಕೂಡುವುದು ಎರಡಕ್ಕಿಂತ ಕಷ್ಟವಿತ್ತು. ಹಾಲು ಕುಡಿಸಿ, ಸ್ವಲ್ಪ ಕಣ್ಣು ಹತ್ತಿದ ಮೇಲೆ ತೊಟ್ಟಿಲಿಗೆ ಹಾಕಿ, ಸೆರಗು ಹೊದ್ದು ಹೊರಟೆ.

ದಾರಿ ತಪ್ಪಬಾರದು ಅಂತ ನಾನೊಂದು ಉಪಾಯ ಮಾಡಿದ್ದೆ. ಗೋಳಗುಮ್ಮಟ ಎಲ್ಲಿ ನಿಂತರೂ ಕಾಣಿಸುತ್ತದಲ್ಲ, ಹೋಗುವಾಗ ಅದು ಯಾವ ಕೈಗೆ ಇರುತ್ತದೆಯೋ ಬರುವಾಗ ಇನ್ನೊಂದು ಕೈಗೆ ಇಟ್ಟುಕೊಂಡರೆ ಆಯಿತು, ಮನೆ ಸಿಗಲೇಬೇಕು. ಬಬಲೇಶ್ವರದಲ್ಲಿ ನಾವು ಹೊಲಕ್ಕೆ ಹೋಗಿ ಬರುತ್ತಿದ್ದದ್ದು ಹೀಗೆಯೇ, ಗುಡಿಯನ್ನು ನೋಡಿಕೊಂಡು. ನನ್ನ ಜಾಣತನಕ್ಕೆ ನನಗೇ ಮೆಚ್ಚುಗೆಯಾಯಿತು. ಅಂಗಡಿ ಸಿಕ್ಕಿತು. ಬಜೆ ಸಿಕ್ಕಿತು. ಸೆರಗಿನ ತುದಿಗೆ ಕಟ್ಟಿಕೊಂಡು, ಇಷ್ಟೇ ಏನು ಶಹರ ಅಂದರೆ, ಅಂತ ಒಂದಿಷ್ಟು ಜಂಬದಿಂದಲೇ ತಿರುಗಿದೆ.

ಗುಡಿಗೆ ಮುಂದು ಹಿಂದು ಇರುತ್ತದೆ. ಬಾಗಿಲು ಒಂದು ಕಡೆ, ಬೇವಿನ ಗಿಡ ಒಂದು ಕಡೆ. ಗುಮ್ಮಟಕ್ಕೆ ಏನಿದೆ? ದುಂಡಗಿನದಕ್ಕೆ ಯಾವ ಕಡೆಯಿಂದ ನೋಡಿದರೂ ಒಂದೇ ಮುಖ. ಬಜಾರದ ಓಣಿಗಳಲ್ಲಿ ಎರಡು ಸಲ ತಿರುಗಿದ ಮೇಲೆ ಅದು ಎಡಗಡೆ ಇದ್ದದ್ದು ಬೆನ್ನಿಗೆ ಹೋಯಿತು, ಬೆನ್ನಿಗಿದ್ದದ್ದು ಬಲಕ್ಕೆ ಬಂತು. ಎಡಕ್ಕೆ ತಂದುಕೊಳ್ಳೋಣ ಅಂತ ನಾನು ತಿರುಗಿದಷ್ಟೂ ದೂರ ಹೋದೆ. ಗುಮ್ಮಟ ಸಣ್ಣದಾಗುತ್ತ ನಡೆಯಿತು. ಆಮೇಲೆ ಯಾವುದೋ ದೊಡ್ಡ ಗೋಡೆಯ ಮರೆಗೆ ಹೋಗಿ ಕಾಣದೇ ಆಯಿತು.

ಯಾರನ್ನಾದರೂ ಕೇಳಬಹುದಿತ್ತು. ಅತ್ತೆಯ ಮಾತು ಬಾಯಿಗೆ ಬೀಗ ಹಾಕಿತ್ತು. ಎದುರು ಬಂದ ಪ್ರತಿಯೊಬ್ಬನ ಕೈಯಲ್ಲಿದ್ದ ಚೀಲ ನೋಡುತ್ತಿದ್ದೆ. ಚೀಲ ದೊಡ್ಡದಿದ್ದರೆ ಗೋಡೆಗೆ ಸರಿದು ನಿಲ್ಲುತ್ತಿದ್ದೆ. ಮಗಳು ಎದ್ದಿರಬೇಕು, ಅಳುತ್ತಿರಬೇಕು ಅನ್ನುವುದು ಒಂದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಅದಕ್ಕೆ ನನ್ನ ಹಾಲು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬಟ್ಟಲಿನಲ್ಲಿ ಕೊಟ್ಟದ್ದನ್ನೆಲ್ಲ ಉಗುಳುವ ಕೂಸು ಅದು. ನಡೆದೆ, ನಡೆದೆ. ಬಿಸಿಲು ಇಳಿಯತೊಡಗಿದಾಗ ಎದುರಿಗೆ ನನಗೆ ಗೊತ್ತಿದ್ದ ಜಾಗವೊಂದು ಕಂಡಿತು. ಬಸ್‌ಸ್ಟ್ಯಾಂಡು. ಟಿಕೋಟಾದಿಂದ ಬಂದು ಇಳಿದ ಜಾಗ.

ಅಲ್ಲಿ ಕಂಬಕ್ಕೆ ಆತು ನಿಂತೆ. ನನ್ನ ಮುಖ ಹೇಗಿತ್ತೋ, ದೊಡ್ಡ ರುಮಾಲು ಸುತ್ತಿದ ಒಬ್ಬ ಮುದುಕ ಹತ್ತಿರ ಬಂದು ಕೇಳಿದ, "ಯಾಕ ತಂಗಿ, ಹಿಂಗ್ಯಾಕ ನಿಂತಿ? ಯಾವೂರು ನಿಂದು?"

ನಮ್ಮಲ್ಲಿ ಯಾವೂರು ಅಂದರೆ ಎಲ್ಲಿರುತ್ತೀ ಅಂತಲ್ಲ. ಕೊಟ್ಟ ಊರು ಯಾವುದು, ಹುಟ್ಟಿದ ಊರು ಯಾವುದು ಅಂತ. ನಿದ್ದೆಯಲ್ಲಿ ಕೇಳಿದರೂ ಒಂದೇ ಉತ್ತರ.

"ಟಿಕೋಟಾ," ಅಂದೆ.

"ಅಯ್ಯ, ಅದಕ್ಯಾಕ ಅಳಾಕತ್ತೀ? ಟಿಕೋಟಾ ಬಸ್ಸು ಅಲ್ಲೇ ನಿಂತೈತಿ, ಹೊಂಡಾಕತ್ತೈತಿ. ಬಾ, ಬಾ, ಲಗು ಬಾ!"

ಪುಣ್ಯಾತ್ಮ ನನ್ನ ಮುಂದೆ ಮುಂದೆ ಓಡಿ, ಕಂಡಕ್ಟರಿಗೆ, "ತಡಿಯೋ ತಮ್ಮಾ, ನಮ್ಮೂರ ಕಡೀ ಹೆಣ್ಣಮಗಳು ಒಬ್ಬಾಕಿ ಬರಾಕತ್ತಾಳ" ಅಂತ ಕೂಗಿ, ನನ್ನನ್ನು ಬಸ್ಸಿಗೆ ಹತ್ತಿಸಿಯೇ ಬಿಟ್ಟ. ನಾನು ಹತ್ತಿದೆ. ಊರ ಹೆಸರು ಕೇಳಿದ್ದೇ ಕಾಲು ತಾನಾಗಿ ನಡೆದಿತ್ತು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಬಸ್ಸಿನ ತುಂಬ ನಮ್ಮ ಕಡೆಯವರೇ, ನಮ್ಮ ಮಾತೇ. ಯಾರದೋ ಬುಟ್ಟಿಯಿಂದ ಮೆಣಸಿನಕಾಯಿ ಬಜಿಯ ವಾಸನೆ ಬರುತ್ತಿತ್ತು. ಪಕ್ಕದ ಮುದುಕಿ, "ಸರಿಯಾಗಿ ಕೂಡವ್ವಾ" ಅಂತ ಜಾಗ ಮಾಡಿಕೊಟ್ಟಳು. ಎಷ್ಟೋ ದಿನಗಳ ಮೇಲೆ ನನ್ನ ಎದೆಬಡಿತ ಸಮವಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹಾಯೆನಿಸಿತು ನನಗೆ. ಇನ್ನು ಸ್ವಲ್ಪ ಹೊತ್ತಿಗೆ ಟಿಕೋಟಾ, ನನ್ನ ಅಂಗಳ, ನನ್ನ ಒಲೆ ಅನಿಸಿತು.

ಡ್ರೈವರ್ ಗಾಡಿ ಶುರು ಮಾಡಿದ. ಮುಂದಿನ ಸೀಟಿನಲ್ಲಿ ಯಾರದೋ ಕೂಸು ಬೆಚ್ಚಿ ಕಿಟಾರನೆ ಅತ್ತಿತು. ಅಷ್ಟೇ. ನನ್ನ ಎರಡೂ ಮೊಲೆಗಳಲ್ಲಿ ಹಾಲು ಜುಮ್ಮೆಂದು ಇಳಿದು ಕುಪ್ಪಸ ತೊಯ್ದು ಹೋಯಿತು.

"ನಿಂದ್ರಸ್ರೀ! ನನ್ನ ಕೂಸು! ಇಳೀಬೇಕ್ರೀ ನಾ!" ಅಂತ ಚೀರಿ, ಮುದುಕಿಯ ಬುಟ್ಟಿ ತುಳಿದುಕೊಂಡು ಹಾರಿದೆ. ಬಜಿ ಚೆಲ್ಲಿದವೋ ಏನೋ, ಮುದುಕಿ ಬೈಯುತ್ತಿದ್ದಳು. ಬೈಯಲಿ, ಅವಳದೇನು ತಪ್ಪು.

ಬಸ್‌ಸ್ಟ್ಯಾಂಡಿನ ಹೊರಗೆ ಟಾಂಗಾಗಳು ನಿಂತಿದ್ದವು. ಗಡ್ಡಕ್ಕೆ ಮೆಹಂದಿ ಹಚ್ಚಿದ್ದ ಒಬ್ಬ ಟಾಂಗಾದವನ ಮುಂದೆ ನಿಂತು, "ಇಬ್ರಾಹಿಂಪುರ" ಅಂದೆ. ಬಿಜಾಪುರದಲ್ಲಿ ಅಪರಿಚಿತರಿಗೆ ನಾನಾಗಿ ನನ್ನ ಮನೆಯ ಸುಳಿವು ಕೊಟ್ಟದ್ದು ಅದೇ ಮೊದಲು. ಎದೆಯನ್ನು ಸೆರಗಿನಿಂದ ಒತ್ತಿ ಹಿಡಿದು ಕೂತೆ. ಕುದುರೆಯ ಹೆದರಿಕೆ ಎಲ್ಲಿ ಹೋಗಿತ್ತೋ. ಇನ್ನೂ ಜೋರಾಗಿ ಹೊಡೆಯಲಿ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಇಬ್ರಾಹಿಂಪುರ ಬಂತು. ಟಾಂಗಾದವನು ತಿರುಗಿ ಕೇಳಿದ, "ಯಾವ ಓಣಿ ತಂಗಿ?"

ಓಣಿಯ ಹೆಸರು ನನಗೆ ಗೊತ್ತಿರಲಿಲ್ಲ.

"ಯಾರ ಮನಿ?"

"ಖಾಲಾರ ಮನಿ," ಅಂದೆ.

ಅವನು ಕುದುರೆ ನಿಲ್ಲಿಸಿದ. "ಯವ್ವಾ, ಈ ಇಬ್ರಾಹಿಂಪುರದಾಗ ಮನಿಗೊಬ್ಬ ಖಾಲಾ ಅದಾಳ. ಯಾವ ಖಾಲಾ ಅಂತ ತಿಳಕೊಳ್ಲಿ?"

"ಹಳಿ ಹತ್ತಿರ. ಮುಂದ ಬೇವಿನ ಗಿಡ ಐತಿ."

ಹಳಿಯ ಉದ್ದಕ್ಕೂ ಮನೆಗಳಿದ್ದವು. ಬೇವಿನ ಗಿಡ ಇಲ್ಲದ ಓಣಿಯೇ ಇರಲಿಲ್ಲ. ಒಂದು ಓಣಿ ಹೊಕ್ಕು ಹೊರಬಂದೆವು, ಇನ್ನೊಂದು ಹೊಕ್ಕೆವು. ಎಲ್ಲ ಮನೆಗಳೂ ನಮ್ಮ ಮನೆಯ ಹಾಗೇ ಕಂಡವು, ಯಾವುದೂ ನಮ್ಮ ಮನೆ ಆಗಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಒಲೆಗಳ ಹೊಗೆ ಏಳತೊಡಗಿತ್ತು. ಟಾಂಗಾದವನು ಒಂದು ಕಟ್ಟೆಯ ಹತ್ತಿರ ನಿಲ್ಲಿಸಿ ಅಲ್ಲಿದ್ದವರಿಗೆ ಸಂಗತಿ ಹೇಳಿದ. ಹೆಂಗಸರು, ಗಂಡಸರು, ಮುದುಕರು ಬಂದು ಸೇರಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅತ್ತೆ ಹೆದರಿಸಿದ ಮಂದಿ ಇವರೇ.

"ಅಡ್ಡಹೆಸರು ಏನ್ರಿ ನಿಮ್ಮದು?" ಅಂತ ಒಬ್ಬ ಗಂಡಸು ಕೇಳಿದ.

ಅದನ್ನು ಹೇಳಲು ಅಡ್ಡಿಯಿರಲಿಲ್ಲ, ಹೇಳಿದೆ. ಅವನು ನಕ್ಕುಬಿಟ್ಟ. "ಆ ಅಡ್ಡಹೆಸರಿನವರು ಅರಕೇರಿಯಿಂದ ಇಲ್ಲೀತನಾ ಊರೂರಿಗೆ ಅದಾರ. ಗಂಡನ ಹೆಸರು ಹೇಳ್ರಿ."

ನಾನು ಸೆರಗಿನ ತುದಿಯ ಬಜೆಯ ಗಂಟನ್ನು ಬಿಗಿ ಹಿಡಿದೆ.

"ಹೇಳ್ರಿ ಅಕ್ಕಾರ, ಹೆಸರು ಹೇಳಿದ್ರ ಯಾರಿಗರೆ ಗೊತ್ತಿರತೈತಿ. ಹೊಸದಾಗಿ ಬಂದ ಗಂಡಸರು ಚಾದಂಗಡ್ಯಾಗ ಕುಂತಿರ್ತಾರ, ಹೆಸರಿಂದ ಗುರುತು ಹಿಡೀತೀವಿ."

"ದೇವರ ಹೆಸರು," ಅಂದೆ ಮೆಲ್ಲಗೆ. "ಗುಡ್ಡದ ಮ್ಯಾಲಿನ ದೇವರು."

ಅಷ್ಟು ಹೇಳಿದ್ದೇ ತಡ, ಸಂತೆ ನೆರೆದಂತಾಯಿತು. ಒಬ್ಬರು ಒಂದು ದೇವರ ಹೆಸರು ಹೇಳಿದರು, ಇನ್ನೊಬ್ಬರು ಇನ್ನೊಂದು. ನಾನು ಇಲ್ಲ, ಇಲ್ಲ ಅಂತ ತಲೆ ಆಡಿಸುತ್ತಲೇ ಹೋದೆ. ನಮ್ಮ ಸೀಮೆಯಲ್ಲಿ ಗುಡ್ಡಗಳೇ ಕಡಿಮೆ, ದೇವರುಗಳಿಗೆ ಮಾತ್ರ ಬರವಿಲ್ಲ. ಹುಡುಗರಿಗೆ ಅದು ಆಟವಾಯಿತು. ಬೇಕಂತಲೇ ಹನುಮಪ್ಪ, ಗಣಪ್ಪ ಅಂತ ಕೂಗಿ ನಗತೊಡಗಿದರು. ನನ್ನ ಕುಪ್ಪಸದಿಂದ ಹಾಲು ಇಳಿದು ಸೀರೆಯ ನಿರಿಗೆಗೆ ಹತ್ತಿತ್ತು. ಆಗಲೇ ಎಲ್ಲೋ, ಹತ್ತಿರದಲ್ಲೋ ದೂರದಲ್ಲೋ, ಒಂದು ಕೂಸಿನ ಅಳು ಕೇಳಿದ ಹಾಗಾಯಿತು. ಕೇಳಿತೋ, ನನ್ನ ಭ್ರಮೆಯೋ. ಅಳು ಯಾವ ಕಡೆಯಿಂದ ಅಂತ ತಿಳಿಯುವ ಮೊದಲೇ ರೈಲೊಂದು ಸೀಟಿ ಹೊಡೆಯುತ್ತ ಬಂದು ಎಲ್ಲವನ್ನೂ ಮುಚ್ಚಿಹಾಕಿತು.

ರೈಲು ಹೋದ ಮೇಲೆ ಒಬ್ಬ ಮುದುಕಿ, ಮೊರದಲ್ಲಿ ಜೋಳ ಹಸನು ಮಾಡುತ್ತ ಕಟ್ಟೆಯ ಮೇಲೆ ಕೂತಿದ್ದವಳು, ಮೊರ ಕೆಳಗಿಟ್ಟು ಎದ್ದಳು. ಹುಡುಗರನ್ನು ಗದರಿಸಿ ಸರಿಸಿದಳು. ನನ್ನ ಎದೆಯ ಮೇಲಿನ ತೊಯ್ದ ಸೆರಗನ್ನು ನೋಡಿದಳು.

"ಹಸಿ ಬಾಣಂತಿ ಅದೀ ಅಲ್ಲಬೇ," ಅಂದಳು. "ಹೆಸರು ಹೇಳಾಕ ಹೆದರಿಕಿ ಏನು? ಒಡಪಿನಾಗ ಹೇಳಿದ್ರ ಪಾಪ ಇಲ್ಲ. ಹಾಕು ನೋಡೂನು ಒಂದು ಒಡಪು."

ನನಗೆ ಅದು ಹೊಳೆದೇ ಇರಲಿಲ್ಲ. ಟಾಂಗಾದ ಮೆಟ್ಟಿಲ ಮೇಲೆ ನಿಂತು ಕಣ್ಣು ಮುಚ್ಚಿದೆ. ಗಂಟಲಿನಿಂದ ಒಂದು ಸಾಲು ಹೇಗೋ ಹೊರಟಿತು.

"ಭೂತನಾಳ ಕೆರಿ ನೀರ ಬಂದೈತಿ ನಳಕ..."

ಮುಂದೆ? ಮುಂದೆ ಹೆಸರು ಬರಬೇಕು, ನಳಕ ಅನ್ನುವುದಕ್ಕೆ ಪ್ರಾಸ ಬರಬೇಕು. ಜಳಕ, ಪುಳಕ, ಎಲ್ಲ ತಲೆಯಲ್ಲಿ ಬಂದವು, ಹೋದವು. ಬಾವಿ ಕಂಡಿತು. ಅಜ್ಜಿಯ ಬಾವಿ, ಅದರಲ್ಲಿ ತೇಲುವ ಒಂದು ರುಮಾಲು. ಈ ಕಡೆ ಗಂಡನ ಜೀವ, ಆ ಕಡೆ ಕೂಸಿನ ಜೀವ, ನಡುವೆ ಪ್ರಾಸ ಸಿಗದ ನಾನು. "ನಳಕ..." ಅಂದೆ ಮತ್ತೆ. "ನಳಕ..."

"ಹೇಳು, ಹೇಳು," ಅಂದಳು ಮುದುಕಿ.

ಅಳು ಇನ್ನೊಂದು ಸಲ ಕೇಳಿತು. ಈ ಸಲ ಭ್ರಮೆಯಲ್ಲ.

ನಾನು ಒದರಿದೆ. ಪ್ರಾಸವಿಲ್ಲ, ಒಡಪಿಲ್ಲ, ಅವರು ಇವರು ಅನ್ನುವ ಮರ್ಯಾದೆಯೂ ಇಲ್ಲ. ಹೊಲದ ಆ ತುದಿಯಲ್ಲಿರುವವರನ್ನು ಕರೆಯುವ ಹಾಗೆ, ನನ್ನ ಗಂಡನ ಹೆಸರನ್ನು, ಬರೀ ಹೆಸರನ್ನು, ಇಬ್ರಾಹಿಂಪುರದ ಬೀದಿಯಲ್ಲಿ ನಿಂತು ಒದರಿದೆ. ಕುದುರೆ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿಯಿತು. ಗಿಡದಲ್ಲಿ ಕೂತಿದ್ದ ಕಾಗೆಗಳು ಎದ್ದವು. ನನ್ನ ದನಿ ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ.

ಆಮೇಲೆ, ಮನೆಗಳ ಸಾಲಿನ ಆಚೆಯಿಂದ, ಹಿಂದಿನ ಓಣಿಯಿಂದ, ಒಂದು ದನಿ ಬಂತು.

"ಓ!"

ನಮ್ಮವರು. ಜಿನ್ನಿನಿಂದ ಬಂದು, ನಾನಿಲ್ಲದ್ದು ಕಂಡು, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಹುಡುಕುತ್ತಿದ್ದರಂತೆ. ಹಿಂದೆ ಮೊಣಕಾಲು ಹಿಡಿದುಕೊಂಡು ಖಾಲಾ. ನಮ್ಮವರು ಸಂದಿಯಿಂದ ಹೊರಬಂದಾಗ ತಲೆಯ ಮೇಲೆಲ್ಲ ಹತ್ತಿಯ ಎಳೆಗಳಿದ್ದವು. ಕೂಸನ್ನು ಕಿತ್ತುಕೊಂಡೆ, ಯಾರದೋ ಕಟ್ಟೆಯ ಮೇಲೆ ಕೂತು ಸೆರಗಿನೊಳಗೆ ಎಳೆದುಕೊಂಡೆ. ಅದು ಬಾಯಿ ಹಾಕಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು. ಟಾಂಗಾದವನು ಕುದುರೆಯ ಮುಖವನ್ನು ಆ ಕಡೆ ತಿರುಗಿಸಿ ತಾನೂ ಆ ಕಡೆಗೇ ತಿರುಗಿ ನಿಂತ. ಮುದುಕಿ ತನ್ನ ಸೀರೆಯ ಸೆರಗನ್ನೇ ನನಗೆ ಮರೆ ಮಾಡಿ ಹಿಡಿದಳು. ಕೂಸನ್ನು ಚೀಲದಲ್ಲಿ ಹಾಕಿಕೊಂಡು ಹೋಗುವ ಮಂದಿ ಇವರು.

ಮನೆ ಅಲ್ಲಿಂದ ಎಷ್ಟು ದೂರವಿತ್ತು ಅನ್ನುತ್ತೀರಿ? ಒಂದು ಓಣಿ ಆಚೆ. ಕೂಸಿನ ಹೊಟ್ಟೆ ಆಗಲೇ ಮೆತ್ತಗಾಗಿತ್ತು, ಆದರೂ ಖಾಲಾ ಬಜೆ ತೇಯ್ದು ಅದರ ನಾಲಿಗೆಗೆ ಹಚ್ಚಿದರು. ಎಲ್ಲರೂ ಹೋದ ಮೇಲೆ, ಬಾಗಿಲಲ್ಲಿ ನಿಂತು ಕೈಕಾಲು ತೊಳೆಯುತ್ತಿದ್ದ ನಮ್ಮವರನ್ನು ಕೇಳಿದೆ, "ನಿಮಗ ಏನೂ ಆಗಿಲ್ಲಲ್ಲ?"

"ಯಾಕ, ಏನಾಗಬೇಕು?"

"ಹೆಸರ ಒದರೀನ್ರಿ ನಾ."

ಅವರಿಗೆ ಅಜ್ಜಿಯ ಬಾವಿಯ ಕಥೆ ಗೊತ್ತಿತ್ತು. ಮುಖ ಗಂಭೀರ ಮಾಡಿಕೊಂಡು, "ಎಡಗಾಲು ಒಂದೀಟು ಜುಂ ಅನ್ನಾಕತ್ತೈತಿ" ಅಂದರು. ನಾನು ಗೊಳೋ ಅಂತ ಅತ್ತುಬಿಟ್ಟೆ. ಆಗ ಅವರಿಗೆ ಗಾಬರಿಯಾಗಿ, "ಏ ಹುಚ್ಚಿ, ಚಾಷ್ಟಿ ಮಾಡಿದ್ನೆ!" ಅಂತ ತೊಯ್ದ ಕೈಯಲ್ಲೇ ನನ್ನ ತಲೆ ಹಿಡಿದುಕೊಂಡರು. ನಾನು ಅವರ ಎದೆಗೆ ಎರಡು ಗುದ್ದಿದೆ. ಆದರೂ ಹೆದರಿಕೆ ಹೋಗಲಿಲ್ಲ. ಮುಂದಿನ ಅಮಾವಾಸ್ಯೆಯ ತನಕ ಅವರನ್ನು ಯಾವ ಬಾವಿಯ ಹತ್ತಿರಕ್ಕೂ ಹೋಗಗೊಡಲಿಲ್ಲ. ಜಿನ್ನಿನಿಂದ ಬರುವುದು ತಡವಾದರೆ ಬಾಗಿಲಲ್ಲೇ ನಿಂತಿರುತ್ತಿದ್ದೆ. ಅಮಾವಾಸ್ಯೆ ಬಂತು, ಹೋಯಿತು, ಅವರು ಹೋಳಿಗೆ ಉಂಡು ಗೊರಕೆ ಹೊಡೆದರು.

ಸುದ್ದಿ ಟಿಕೋಟಾಕ್ಕೂ ಹೋಗಿ, ಅತ್ತೆ, "ಹಾದಿ ಮ್ಯಾಲೆ ನಿಂತು ಗಂಡನ ಹೆಸರ ಒದರ್ಯಾಳಂತ" ಅಂತ ಎದೆ ಬಡಿದುಕೊಂಡದ್ದು ಬೇರೆ ಮಾತು. ಇಬ್ರಾಹಿಂಪುರದಲ್ಲಿ ಮಾತ್ರ ನನ್ನ ಪಾಡು ಬದಲಾಯಿತು. ಮರುದಿನ ನಳಕ್ಕೆ ಹೋದರೆ ಮೂಕಿ ಅಂದಿದ್ದವಳೇ, "ಬರ್ರಿ, ಬರ್ರಿ, ಒದರಿದಾಕಿ ಬಂದ್ಳು, ಹಾದಿ ಬಿಡ್ರಿ" ಅಂತ ನನ್ನ ಕೊಡವನ್ನು ಮುಂದೆ ಇಡಿಸಿದಳು. ಅಂದಿನಿಂದ ಅದೇ ನನ್ನ ಹೆಸರು, ಅದೇ ನಮ್ಮ ಮನೆಯ ಗುರುತು. ಊರಿಂದ ಯಾರೇ ಬಂದರೂ ಟಾಂಗಾದವರಿಗೆ "ಒದರಿದಾಕಿ ಮನಿ" ಅಂದರೆ ಸಾಕಿತ್ತು, ನೇರ ಬೇವಿನ ಗಿಡದ ಕೆಳಗೆ ತಂದು ಇಳಿಸುತ್ತಿದ್ದರು. ರೈಲು ಬಂದಾಗ ಕೂಸಿನ ಕಿವಿ ಮುಚ್ಚುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ಇನ್ನು ಯಾವೂರು ಅಂತ ಯಾರಾದರೂ ಕೇಳಿದರೆ ಮೊದಲು ಇಬ್ರಾಹಿಂಪುರ ಅಂದು, ಆಮೇಲೆ ಟಿಕೋಟಾ ಅನ್ನುವುದು ರೂಢಿಯಾಯಿ‌ತು.

ನಮ್ಮವರಿಗೆ ಅದೊಂದು ಚಟವಾಗಿಬಿಟ್ಟಿತು. ಖುಷಿಯಲ್ಲಿದ್ದಾಗ, "ಇನ್ನೊಂದ್ಸಲ ಹೆಸರು ಹಿಡಿದು ಕರಿ ನೋಡೂನು, ಕಿವಿ ತಂಪಾಗ್ಲಿ" ಅನ್ನುತ್ತಿದ್ದರು. "ಎಣ್ಣಿ ಕಡಿಮಿ ಆಗತೈತಿ, ಸುಮ್ನಿರ್ರಿ" ಅನ್ನುತ್ತಿದ್ದೆ. ಮುದುಕರಾದ ಮೇಲೂ ಕೇಳಿದರು. ಮುದುಕಿಯಾದ ಮೇಲೂ ನಾನು ಒಪ್ಪಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಬಾವಿಯಲ್ಲ, ಅಮಾವಾಸ್ಯೆಯಲ್ಲ, ತುಂಬಿದ ವಯಸ್ಸು, ಹಾಸಿಗೆಯಲ್ಲೇ. ಅಂಗಳದಲ್ಲಿ ಮಂದಿ ಸೇರುತ್ತಿದ್ದರು. ಅಂದು ಹೆಗಲ ಮೇಲೆ ಅಳುತ್ತಿದ್ದ ಮಗಳು, ಈಗ ತಾನೇ ಅಜ್ಜಿಯಾದವಳು, ನನ್ನ ಬೆನ್ನ ಮೇಲೆ ಕೈಯಿಟ್ಟು, "ಯವ್ವಾ, ಇನ್ನೇನ ಹೆದರಿಕಿ, ಒಮ್ಮೆ ಕರಿ" ಅಂದಳು.

ಹೌದಲ್ಲ, ಎಣ್ಣೆ ಮುಗಿದ ಮೇಲೆ ಇನ್ನೇನು ಹೆದರಿಕೆ. ಕಿವಿಯ ಹತ್ತಿರ ಬಾಗಿ ಅವರ ಹೆಸರು ಹಿಡಿದು ಕರೆದೆ. ಮೆಲ್ಲಗಲ್ಲ, ಅಂದು ಬೀದಿಯಲ್ಲಿ ನಿಂತು ಒದರಿದ ಹಾಗೆಯೇ. ಹೊರಗಿದ್ದ ಮಂದಿ ಬೆಚ್ಚಿ ಒಳಗೆ ಬಂದರು. ನಾನು ಹಾಗೇ ಬಾಗಿಕೊಂಡು, ಸ್ವಲ್ಪ ಹೊತ್ತು ಕಾದೆ.